ತಾಮ್ರದ ಕಾಸಿನ ಮೇಲಿನ ಹೆಸರು

ಹಳೆಯ ನಾಣ್ಯವೆಂದೊಡನೆ ಬಹುಮಂದಿಯ ಕಣ್ಣ ಮುಂದೆ ಸುಳಿಯುವುದು ಚಿನ್ನದ ವರಹ. ಆದರೆ ಅಂದಿನ ದಿನಗಳಲ್ಲಿಯೂ ವರಹವನ್ನು ಕೈಯಲ್ಲಿ ಹಿಡಿದವರು ಕೆಲವರೇ. ಉಪ್ಪಿಗೂ ಸೊಪ್ಪಿಗೂ ಕೈಯಿಂದ ಕೈಗೆ ನಡೆದದ್ದು ತಾಮ್ರದ ಕಾಸು. 1443ರಲ್ಲಿ, ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಅಲ್ಲಿನ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಅದರಂತೆ ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಪಣ, ಪಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಪಾಲು ತಾಮ್ರದ ಜೀತಲ್. ಎಂದರೆ ಒಂದು ವರಹಕ್ಕೆ 360 ತಾಮ್ರದ ಕಾಸುಗಳು! ಬಡವನ ಬದುಕಿನ ಚರಿತ್ರೆ ಅಡಗಿರುವುದು ಈ ಕಾಸಿನಲ್ಲಿಯೇ.

ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಹವ್ಯಾಸ ಇಂತಹ ಕಾಸುಗಳನ್ನು ಶುಚಿಗೊಳಿಸಿ, ಅವುಗಳ ಛಾಯಾಚಿತ್ರ ತೆಗೆದಿಡುವುದು. ಇದಕ್ಕೆ ಸಿರಿವಂತಿಕೆ ಬೇಕಾಗಿಲ್ಲ. ನಾಣ್ಯ ಪ್ರದರ್ಶನಗಳಲ್ಲಿ ಸವೆದ ಕಾಸೊಂದು ಸಾಧಾರಣ ಪುಸ್ತಕವೊಂದರ ಬೆಲೆಗೆ ದೊರೆಯುವುದುಂಟು. ಬೇಕಾದದ್ದು ತಾಳ್ಮೆ ಮಾತ್ರ.

ದೀಪಾವಳಿಯ ಲಕ್ಷ್ಮೀಪೂಜೆ ಬಂತೆಂದರೆ ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಕಾಲದ ನಾಣ್ಯಗಳನ್ನು ಹೊರತೆಗೆದು, ಪೂಜಾಪಾತ್ರೆಗಳೊಡನೆ ಅವನ್ನೂ ಹುಣಸೆಹಣ್ಣಿನಿಂದ ತಿಕ್ಕುವ ರೂಢಿಯಿದೆ. ಭಕ್ತಿಯಿಂದ ಮಾಡುವ ಕೆಲಸವೇ ಹೌದು. ಆದರೆ ಹುಣಸೆಯ ಹುಳಿಯು ಕೊಳೆಯನ್ನಷ್ಟೇ ಅಲ್ಲದೆ, ಶತಮಾನಗಳಿಂದ ತಾಮ್ರದ ಮೇಲೆ ಕಟ್ಟಿಕೊಂಡ ಗಟ್ಟಿಯಾದ ಕಂದು ಹಸಿರು ಪದರವನ್ನೂ ಕರಗಿಸಿಬಿಡುತ್ತದೆ. ಆ ಪದರವೇ ಲೋಹದ ಕವಚ. ಎಷ್ಟೋ ವೇಳೆ ಅಕ್ಷರದ ಅಂಚು ಉಳಿದಿರುವುದೂ ಅದರಲ್ಲಿಯೇ. ಬಂಧುಗಳೊಬ್ಬರ ಮನೆಯಲ್ಲಿ ತಲೆಮಾರುಗಳಿಂದ ಹೀಗೆ ತಿಕ್ಕಿಸಿಕೊಂಡ ಕಾಸೊಂದನ್ನು ನನ್ನ ಕೈಗಿತ್ತು, "ಇದು ಯಾವ ಅರಸನದು, ಹೇಳಿ" ಎಂದರು. ಕಾಸು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಆನೆಯ ಒಂದು ಕಾಲಿನ ಗುರುತು ಬಿಟ್ಟರೆ ಮತ್ತೇನೂ ಇರಲಿಲ್ಲ. ಅರಸನ ಹೆಸರು ಹುಣಸೆಯ ನೀರಿನೊಡನೆ ಬಚ್ಚಲಿಗೆ ಹರಿದು ಎಷ್ಟು ವರ್ಷವಾಗಿತ್ತೋ! ಕಳೆದುಹೋದ ಅಕ್ಷರವನ್ನು ಯಾವ ವಿದ್ವಾಂಸರೂ ಮರಳಿ ತಂದುಕೊಡಲಾರರು.

ಆದುದರಿಂದ ಶುಚಿಗೊಳಿಸುವುದೆಂದರೆ ಹೊಳೆಯಿಸುವುದಲ್ಲ. ಕಾಸನ್ನು ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಯಿಟ್ಟು, ಆಗಾಗ ನೀರು ಬದಲಿಸುತ್ತಿದ್ದರೆ ಮಣ್ಣು ಮೆದುವಾಗುತ್ತದೆ. ಆಗ ಭೂತಗನ್ನಡಿಯಲ್ಲಿ ನೋಡುತ್ತ, ಬಿದಿರಿನ ಕಡ್ಡಿಯಿಂದಲೋ ಮೃದುವಾದ ಕುಂಚದಿಂದಲೋ ಮಣ್ಣನ್ನು ಮಾತ್ರ ಬಿಡಿಸಬೇಕು. ಗಟ್ಟಿ ಪದರ ಕಂಡೊಡನೆ ಕೈ ನಿಲ್ಲಬೇಕು. ಬಳಿಕ ತೇವ ಉಳಿಯದಂತೆ ಒಣಗಿಸಬೇಕು. ಎಲ್ಲಿಯಾದರೂ ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಂಡರೆ ಅದು ಲೋಹವನ್ನು ತಿನ್ನುವ ರೋಗವೆಂದು ತಿಳಿದು, ಆ ಕಾಸನ್ನು ಬೇರೆಯಾಗಿ, ಒಣಗಿದ ಜಾಗದಲ್ಲಿರಿಸಿ ತಿಳಿದವರಿಗೆ ತೋರಿಸಬೇಕು.

ಇಷ್ಟಾದರೂ ಅಕ್ಷರ ಕಾಣದಿದ್ದರೆ? ಇನ್ನಷ್ಟು ಉಜ್ಜುವ ಆಸೆ ಹುಟ್ಟುವುದು ಆಗಲೇ. ಛಾಯಾಚಿತ್ರದ ಉಪಕಾರವೂ ಆಗಲೇ. ಕೋಣೆಯನ್ನು ಕತ್ತಲು ಮಾಡಿ, ಕಪ್ಪು ಬಟ್ಟೆಯ ಮೇಲೆ ಕಾಸನ್ನಿರಿಸಿ, ಒಂದೇ ದೀಪವನ್ನು ಎಡ ಮೇಲ್ಭಾಗದಿಂದ ತೀರ ಓರೆಯಾಗಿ ಬೀರಬೇಕು. ಬೆಳಕು ಕೆಳಗಿನಿಂದ ಬಿದ್ದರೆ ಉಬ್ಬು ತಗ್ಗಿನಂತೆ ತೋರಿ ಕಣ್ಣು ಮೋಸಹೋಗುತ್ತದೆ. ಓರೆ ಬೆಳಕಿನಲ್ಲಿ ಕೂದಲೆಳೆಯಷ್ಟು ಉಬ್ಬಿಗೂ ನೆರಳು ಮೂಡುತ್ತದೆ. ಬರಿದೆಂದು ನಾನು ಬದಿಗಿರಿಸಿದ್ದ ಕಾಸೊಂದರ ಮೇಲೆ ಹೀಗೆ ದೀಪವನ್ನು ಸುತ್ತಿಸುತ್ತಿದ್ದಾಗ ಒಂದು ಮಗ್ಗುಲಲ್ಲಿ ಆನೆ, ಮತ್ತೊಂದರಲ್ಲಿ ನಾಗರಿ ಲಿಪಿಯ 'ದೇವರಾಯ' ಎಂಬ ಹೆಸರು ಮೆಲ್ಲಗೆ ಎದ್ದುಬಂದವು. ಕಾಸಿನಿಂದ ಒಂದು ಕಣವನ್ನೂ ತೆಗೆಯದೆ, ಮರೆಯಾಗಿದ್ದ ಹೆಸರನ್ನು ಬೆಳಕೊಂದೇ ಓದಿಸಿತು. ಅಂದು ರಾತ್ರಿ ಮೊಮ್ಮಗಳು ಮೊಬೈಲಿನಲ್ಲಿ ತೆಗೆದ ಆ ಚಿತ್ರವನ್ನು ತೂಕ, ಅಳತೆಗಳೊಡನೆ ಪುಸ್ತಕದಲ್ಲಿ ಅಂಟಿಸಿದ್ದೇನೆ. ನಾಳೆ ಕಾಸು ಸವೆದರೂ ಹೆಸರು ಉಳಿಯುತ್ತದೆ.

ಒಂದು ಮಾತನ್ನು ಮರೆಯಬಾರದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವು ಪ್ರಾಚ್ಯವಸ್ತು. ಅದನ್ನು ನಾವು ಪರದೇಶಕ್ಕೆ ಒಯ್ಯುವಂತಿಲ್ಲ. ಹೊಲ ಉಳುವಾಗಲೋ ಅಡಿಪಾಯ ತೋಡುವಾಗಲೋ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸುವುದು ನಮ್ಮ ಕರ್ತವ್ಯ.

ತಾಯಂದಿರಲ್ಲಿ ನನ್ನದೊಂದು ವಿನಂತಿ. ಈ ಸಲದ ಹಬ್ಬದಲ್ಲಿ ಹಿರಿಯರ ಕಾಸುಗಳನ್ನು ಪಾತ್ರೆಗಳ ಗುಂಪಿನಿಂದ ಬೇರೆಯಾಗಿರಿಸಿ. ಮೃದುವಾದ ಒಣ ಬಟ್ಟೆಯಿಂದ ಧೂಳನ್ನಷ್ಟೇ ಒರಸಿ ಪೂಜೆಗಿಡಿ. ಸಂಜೆ ಮಕ್ಕಳನ್ನು ಕರೆದು, ದೀಪವನ್ನು ಓರೆಯಾಗಿ ಹಿಡಿದು, ಅದರ ಮೇಲಿನ ಅಕ್ಷರಗಳನ್ನು ಅವರಿಂದಲೇ ಓದಿಸಿರಿ.