ಒಂದು ಗೇಣಿನ ತಪ್ಪು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವರು ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ವಾಡಿಕೆ. ಪರೀಕ್ಷೆಯ ಫಲಿತಾಂಶ, ಹೊಸ ಕೊಠಡಿಗಳು, ದಾನಿಗಳ ಉಪಕಾರ ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ, ನಾವು ಈ ಪುಟಗಳನ್ನು ಥ್ರೋಬಾಲ್ ಆಟದ ಬಲೆಯೊಂದಕ್ಕೆ ಮೀಸಲಿಡಬೇಕೆಂದಿದ್ದೇವೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕಾಗದವೇಕೆಂದು ಪೋಷಕರು ಕೇಳಬಹುದು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ನಮ್ಮಿಂದ ಸಲ್ಲಬೇಕಾದ ಬಾಕಿಯೊಂದುಂಟು. ಅದನ್ನು ಅವರ ಕಣ್ಣೆದುರಿನಲ್ಲಿಯೇ ಒಪ್ಪಿಕೊಳ್ಳಬೇಕಾಗಿದೆ.

2024ನೆಯ ಇಸವಿಯ ಬೇಸಿಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಪತ್ರ ಬಂದಿತು. ಆಕೆ ಶಿರಾ ಕಡೆಯವಳು. ಈಗ ಸಂಸಾರಸಮೇತಳಾಗಿ ಅಮೆರಿಕಾ ದೇಶದ ಒಹಾಯೋ ಪ್ರಾಂತ್ಯದಲ್ಲಿ, ಸಿನ್ಸಿನಾಟಿ ಪಟ್ಟಣದ ಸಮೀಪದಲ್ಲಿ ವಾಸವಾಗಿದ್ದಾಳೆ. ಆ ಸೀಮೆಯಲ್ಲಿ ಕಾರ್ನ್‌ಹೋಲ್ ಎಂಬ ಆಟವೊಂದು ಬಹಳ ಪ್ರಚಾರದಲ್ಲಿದೆಯಂತೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಎರಡು ಹಲಗೆಗಳನ್ನು ಇಳಿಜಾರಾಗಿ, ಹಿಂತುದಿ ನೆಲದಿಂದ ಒಂದು ಅಡಿ ಎತ್ತರದಲ್ಲಿರುವಂತೆ ನಿಲ್ಲಿಸುತ್ತಾರೆ. ಹಲಗೆಯ ಮೇಲ್ಭಾಗದಲ್ಲಿ ಆರು ಅಂಗುಲ ವ್ಯಾಸದ ಒಂದು ತೂತು. ತೂತಿನ ನಡುವು ಹಲಗೆಯ ಮೇಲಂಚಿನಿಂದ ಒಂಬತ್ತು ಅಂಗುಲ ದೂರದಲ್ಲಿರಬೇಕು. ಎರಡು ಹಲಗೆಗಳ ಮುಂದಂಚುಗಳ ನಡುವೆ ಇಪ್ಪತ್ತೇಳು ಅಡಿ. ಆರು ಅಂಗುಲ ಚೌಕದ ಬಟ್ಟೆಯ ಚೀಲಗಳಲ್ಲಿ ಮುಸುಕಿನ ಜೋಳವನ್ನು ತುಂಬಿ, ಆಟಗಾರರು ನಾಲ್ಕು ನಾಲ್ಕು ಚೀಲಗಳನ್ನು ಒಬ್ಬರಾದ ಮೇಲೊಬ್ಬರು ಎಸೆಯುವರು. ತೂತಿನೊಳಗೆ ಬಿದ್ದುದಕ್ಕೆ ಮೂರು ಅಂಕ, ಹಲಗೆಯ ಮೇಲೆ ನಿಂತುದಕ್ಕೆ ಒಂದು. ಇಬ್ಬರ ಅಂಕಗಳನ್ನೂ ಕಳೆದು ಉಳಿದುದು ಹೆಚ್ಚು ಪಡೆದವರಿಗೆ ಸಲ್ಲುತ್ತದೆ. ಮೊದಲು ಇಪ್ಪತ್ತೊಂದನ್ನು ಮುಟ್ಟಿದವರು ಗೆದ್ದಂತೆ. ಚೀಲದ ತೂಕವೂ ಸುಮಾರು ಒಂದು ಪೌಂಡು, ಅಂದರೆ ನಾನೂರೈವತ್ತು ಗ್ರಾಮು ಇರತಕ್ಕದ್ದೆಂದು ಕಟ್ಟಳೆ. ಇದನ್ನು ಹೋಲುವ ಆಟಕ್ಕೆ 1883ರಲ್ಲಿಯೇ ಹೈಲಿಗರ್ ಡಿ ವಿಂಟ್ ಎಂಬಾತನು ಅಲ್ಲಿಯ ಸರಕಾರದಿಂದ ಹಕ್ಕುಪತ್ರವನ್ನು ಪಡೆದಿದ್ದನು. ಆತನ ಹಲಗೆಯಲ್ಲಿದ್ದ ತೂತು ಮಾತ್ರ ಚೌಕವಾಗಿತ್ತು.

ಇಷ್ಟೆಲ್ಲವನ್ನೂ ಬರೆದು ಆಕೆ ಹೀಗೆ ಮುಗಿಸಿದ್ದಳು: “ಮಿಸ್, ಇಲ್ಲಿಯವರು ಮನೆಯ ಹಿತ್ತಲಲ್ಲಿ ಆಡುವಾಗಲೂ ಮೊದಲು ಟೇಪು ಹಿಡಿದು ಅಳೆದೇ ಆಡುತ್ತಾರೆ. ನಮ್ಮ ಹುಡುಗಿಯರಿಗೆ ನಾನು ನಮ್ಮ ಥ್ರೋಬಾಲನ್ನು ಕಲಿಸಬೇಕೆಂದಿದ್ದೇನೆ. ನಮ್ಮ ಶಾಲೆಯ ಅಂಗಳ ಎಷ್ಟು ಉದ್ದ, ಎಷ್ಟು ಅಗಲ, ಬಲೆ ಎಷ್ಟು ಎತ್ತರ? ದಯಮಾಡಿ ಬರೆದು ಕಳುಹಿಸಬೇಕು.”

ಪುಸ್ತಕವನ್ನು ನೋಡಿ ಉತ್ತರ ಬರೆಯಬಹುದಾಗಿತ್ತು. ಅಂಗಳ 18.30 ಮೀಟರು ಉದ್ದ, 12.20 ಮೀಟರು ಅಗಲ. ನಡುಗೆರೆಯ ಎರಡು ಪಕ್ಕಗಳಲ್ಲಿಯೂ ಒಂದೊಂದು ಮೀಟರು ಯಾರೂ ಕಾಲಿಡಬಾರದ ಜಾಗ. ಬಲೆಯ ಎತ್ತರ 2.20 ಮೀಟರು. ಒಂದೊಂದು ಪಕ್ಷಕ್ಕೆ ಏಳು ಮಂದಿ. ಬಂದ ಚೆಂಡನ್ನು ಎರಡು ಕೈಗಳಿಂದ ಹಿಡಿಯಬೇಕು, ಮೈಗೆ ತಾಗಿಸಬಾರದು; ಹಿಡಿದು ಮೂರು ಸೆಕೆಂಡುಗಳೊಳಗೆ ಹೆಗಲ ಮೇಲಿನಿಂದ ಒಂದೇ ಕೈಯಿಂದ ಎಸೆದುಬಿಡಬೇಕು. ಇದನ್ನು ನಾವು ನಿದ್ದೆಯಲ್ಲಿಯೂ ಹೇಳಬಲ್ಲೆವು. ಆದರೆ ಆಕೆ ಕೇಳಿದ್ದುದು ಪುಸ್ತಕದ ಅಂಗಳವನ್ನಲ್ಲ, ನಮ್ಮ ಶಾಲೆಯ ಅಂಗಳವನ್ನು. ಕೈಯಲ್ಲಿ ರಜೆಯ ವೇಳೆಯೂ ಇದ್ದುದರಿಂದ ಜವಾನನನ್ನು ಕರೆದು, ಟೇಪನ್ನು ತರಿಸಿ, ಬಿಸಿಲು ತಗ್ಗಿದ ಮೇಲೆ ಅಂಗಳಕ್ಕೆ ಹೋದೆವು.

ಉದ್ದಗಲಗಳು ಸರಿಯಾಗಿದ್ದುವು. ಹುಣಸೆಮರದ ಬೇರು ಒಂದು ಮೂಲೆಯನ್ನು ಎತ್ತಿತ್ತು, ಅದು ಎಲ್ಲರಿಗೂ ತಿಳಿದ ಸಂಗತಿ. ಬಲೆಯನ್ನು ಕಟ್ಟಿಸಿ, ನಡುವಿನಲ್ಲಿ ಟೇಪನ್ನು ಇಳಿಬಿಟ್ಟು ನೋಡಿದೆವು. 1.98 ಮೀಟರು. ಬಲೆ ಜೋಲುಬಿದ್ದಿದೆಯೆಂದು ಹಗ್ಗವನ್ನು ಬಿಗಿಸಿದೆವು; ಒಂದು ಬೆರಳೂ ಏರಲಿಲ್ಲ. ಕಂಬದ ಕೊಕ್ಕೆಯಿಂದಲೇ ಅಳೆದೆವು. ಅದೇ ಲೆಕ್ಕ. ಒಂದು ಗೇಣು ಕಡಿಮೆ.

ಈ ಕಂಬಗಳನ್ನು ನೆಡಿಸಿದುದು 2008ರಲ್ಲಿ. ಆಗ ನಾವು ಕಿರಿಯ ಉಪಾಧ್ಯಾಯಿನಿಯಾಗಿದ್ದೆವು. ಕೊಕ್ಕೆಗಳನ್ನು ಸರಿಯಾಗಿ 2.20ಕ್ಕೆ ಬೆಸೆಯಿಸಿದುದನ್ನು ನಾವೇ ನಿಂತು ನೋಡಿದ್ದೆವು. ಕಂಬ ಕುಗ್ಗುವ ವಸ್ತುವಲ್ಲ. ಹಾಗಾದರೆ ಕುಗ್ಗಿದುದೇನು? ಜವಾನನೇ ನಗುತ್ತ ಹೇಳಿದನು: “ಕಂಬ ಇಳಿದಿಲ್ಲ ಅಮ್ಮಾವ್ರೇ, ನೆಲ ಏರೈತೆ.” ಮಳೆಗಾಲದಲ್ಲಿ ಅಂಗಳದಲ್ಲಿ ನೀರು ನಿಲ್ಲುತ್ತದೆಂದು ಪ್ರತಿವರ್ಷವೂ ಸ್ವಾತಂತ್ರ್ಯ ದಿನಾಚರಣೆಗೆ ಮುಂಚೆ ಒಂದೆರಡು ಟ್ರ್ಯಾಕ್ಟರು ಮೊರಮ್ಮು ಹಾಕಿಸಿ ರೋಲರು ಹೊಡೆಸುವುದು ನಮ್ಮ ಪದ್ಧತಿ. ಹದಿನಾರು ವರ್ಷಗಳಲ್ಲಿ ಇಪ್ಪತ್ತೆರಡು ಸೆಂಟಿಮೀಟರು. ವರ್ಷಕ್ಕೆ ಒಂದು ಬೆರಳಿನ ದಪ್ಪವೂ ಇಲ್ಲ. ಯಾರ ಕಣ್ಣಿಗೆ ಬೀಳಬೇಕು! ಆ ಮೊರಮ್ಮಿನ ಬಿಲ್ಲುಗಳಿಗೆಲ್ಲಾ 2016ರಿಂದ ಈಚೆಗೆ ರುಜು ಹಾಕಿದವರು ನಾವೇ.

ಇದರಿಂದ ಏನಾಯಿತೆಂಬುದನ್ನು ಆಟವನ್ನು ಬಲ್ಲವರು ಈಗಾಗಲೇ ಊಹಿಸಿರಬಹುದು. ಬಲೆ ತಗ್ಗಾದಂತೆಲ್ಲಾ ನಮ್ಮ ಹುಡುಗಿಯರು ಚೆಂಡನ್ನು ಮೇಲಕ್ಕೆತ್ತದೆ, ಬಲೆಯ ಅಂಚನ್ನು ಸವರಿಕೊಂಡು ಹೋಗುವಂತೆ ನೇರವಾಗಿ ಬೀಸಿ ಎಸೆಯುವುದನ್ನು ಕಲಿತರು. ಅದು ನೋಡಲು ಬಹು ಚೆನ್ನ. ಎದುರಿನವರು ಕೈ ಚಾಚುವುದರೊಳಗಾಗಿ ಚೆಂಡು ನೆಲಕ್ಕೆ ಬಿದ್ದಿರುತ್ತಿತ್ತು. “ಮಿಷನ್ ಶಾಲೆಯ ಬೀಸು” ಎಂದು ಊರಿನಲ್ಲಿ ಅದಕ್ಕೊಂದು ಹೆಸರೇ ಆಗಿತ್ತು. ನಾವೂ ಹಿಗ್ಗುತ್ತಿದ್ದೆವು.

ಪೋಷಕರಿಗೆ ತಿಳಿದಿರುವಂತೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲಾ ಮಟ್ಟಕ್ಕೆ ಹೋಗುವರು. ತಾಲ್ಲೂಕಿನ ಪಂದ್ಯಗಳು ಅನೇಕ ಸಲ ನಮ್ಮ ಅಂಗಳದಲ್ಲಿಯೇ ನಡೆದುವು. ಆಗೆಲ್ಲಾ ನಾವು ಗೆದ್ದೆವು. ಹೊರಗಡೆ ಹೋದಾಗಲೆಲ್ಲಾ ಸೋತೆವು. ಇಷ್ಟು ಸ್ಪಷ್ಟವಾದ ಲೆಕ್ಕವನ್ನು ನಾವು ಹೇಗೆ ಓದಿಕೊಂಡೆವೆಂದರೆ, ನಮ್ಮ ಹುಡುಗಿಯರಿಗೆ ಧೈರ್ಯ ಸಾಲದು, ಹೊರ ಊರಿನ ಜನವನ್ನು ಕಂಡರೆ ಕೈ ನಡುಗುತ್ತದೆ, ಎಂದು. ಪ್ರಾರ್ಥನೆಯ ಹೊತ್ತಿನಲ್ಲಿ ಧೈರ್ಯವನ್ನು ಕುರಿತು ನಾವು ಎಷ್ಟು ಉಪದೇಶಗಳನ್ನು ಮಾಡಿದೆವೋ ಲೆಕ್ಕವಿಲ್ಲ.

2019ರಲ್ಲಿ ಜಿಲ್ಲಾ ಮಟ್ಟದ ಪಂದ್ಯ ಶಿರಾದಲ್ಲಿ. ನಮ್ಮ ಪಕ್ಷದ ನಾಯಕಿ ಪಾವಗಡ ತಾಲ್ಲೂಕಿನ ಹಳ್ಳಿಯೊಂದರವಳು, ನಮ್ಮ ಹಾಸ್ಟೆಲಿನಲ್ಲಿದ್ದವಳು, ಹತ್ತನೆಯ ತರಗತಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆಟದ ಬಿಸಿಯಲ್ಲಿ ಎರಡನ್ನೂ ಬೆರಸಿ ಕೂಗುತ್ತಿದ್ದಳು. ಮಳೆಯನ್ನು ನಂಬಿ ಕಡಲೇಕಾಯಿ ಬೆಳೆಯುವ ಕುಟುಂಬ. ಹುಡುಗಿಯನ್ನು ಮುಂದೆ ಓದಿಸಬೇಕೋ ಬೇಡವೋ ಎಂದು ತಂದೆ ತೂಗುತ್ತಿದ್ದ ಕಾಲವದು. ಮಗಳ ಆಟವನ್ನು ನೋಡಬೇಕೆಂದು ಆತನು ಜೀವಮಾನದಲ್ಲಿ ಮೊದಲನೆಯ ಸಲ ಬಸ್ಸು ಹತ್ತಿ ಶಿರಾಕ್ಕೆ ಬಂದಿದ್ದನು. ತಲೆಗೆ ಟವೆಲು ಸುತ್ತಿಕೊಂಡು ಗೆರೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂದು ಆ ಹುಡುಗಿಯ ಬೀಸು ಒಂದಾದ ಮೇಲೊಂದು ಬಲೆಗೆ ತಗಲಿ ನಮ್ಮ ಪಕ್ಕಕ್ಕೇ ಬಿದ್ದಿತು. ಕೊನೆಗೊಮ್ಮೆ ಚೆಂಡನ್ನು ಹಿಡಿದವಳು ಎಸೆಯಲಾರದೆ ಬಲೆಯನ್ನೇ ನೋಡುತ್ತ ನಿಂತುಬಿಟ್ಟಳು. ಮೂರು ಸೆಕೆಂಡು ಕಳೆಯಿತು, ಸೀಟಿ ಊದಿದರು.

ಪಂದ್ಯ ಮುಗಿದ ಮೇಲೆ ಆಕೆ ನಮ್ಮ ಬಳಿಗೆ ಬಂದು, “ಮಿಸ್, ಇಲ್ಲಿಯ ಬಲೆ ಎತ್ತರವಾಗಿದೆ,” ಎಂದಳು. ನಾವು ಸಿಟ್ಟಿನಲ್ಲಿದ್ದೆವು. “ಕುಣಿಯಲಾರದವಳಿಗೆ ನೆಲ ಡೊಂಕು. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ,” ಎಂದು ಎಲ್ಲರ ಎದುರಿನಲ್ಲಿ, ತಂದೆಯ ಎದುರಿನಲ್ಲಿಯೂ, ಆಡಿಬಿಟ್ಟೆವು. ತಂದೆ ಒಂದು ಮಾತನ್ನೂ ಆಡದೆ ಎದ್ದು ಟವೆಲನ್ನು ಕೊಡವಿಕೊಂಡನು. ಅನಂತರ ಆ ಹುಡುಗಿ ಚೆಂಡನ್ನು ಮುಟ್ಟಲಿಲ್ಲ. ಮರುವರ್ಷ ಕೋವಿಡ್ ಬಂದಿತು, ಆಟಗಳೇ ನಿಂತುಹೋದುವು. ಆ ಸಂಗತಿ ನಮ್ಮ ಮನಸ್ಸಿನಿಂದಲೂ ಸರಿದುಹೋಯಿತು.

ನೆಲ ಡೊಂಕಾಗಿಯೇ ಇತ್ತು. ನಮ್ಮ ಗಣಿತದ ಉಪಾಧ್ಯಾಯಿನಿಯವರು ಲೆಕ್ಕ ಹಾಕಿ, 2019ರ ವೇಳೆಗೆ ಬಲೆ ಸುಮಾರು ಹದಿನೈದು ಸೆಂಟಿಮೀಟರು ತಗ್ಗಿರಬೇಕೆಂದು ಹೇಳಿದರು. ಅಂಚನ್ನು ಸವರಿ ಹೋಗುವ ಚೆಂಡಿಗೆ ಅಷ್ಟು ಧಾರಾಳವಾಗಿ ಸಾಕು.

ಆ ಸಂಜೆ ನಮಗೆ ಮತ್ತೊಂದು ಸಂಗತಿಯೂ ಹೊಳೆಯಿತು. ಅದು ಇನ್ನೂ ಹೆಚ್ಚು ಕಹಿ. ಮಿಡಿಗೇಶಿ, ಕೊಡಿಗೇನಹಳ್ಳಿ, ಪುರವರಗಳಿಂದ ತಾಲ್ಲೂಕು ಪಂದ್ಯಕ್ಕೆ ಬಂದ ಬಾಲಕಿಯರು ತಮ್ಮ ಊರುಗಳಲ್ಲಿ ಸರಿಯಾದ ಎತ್ತರಕ್ಕೆ ಎಸೆಯುವುದನ್ನು ಕಲಿತು ಬಂದಿದ್ದರು. ನಮ್ಮ ತಗ್ಗು ಬಲೆಯ ಮೇಲೆ ಅವರ ಎತ್ತರದ ಚೆಂಡುಗಳು ನಿಧಾನವಾಗಿ ತೇಲಿ ನಮ್ಮವರ ಕೈಗೆ ಹೂವಿನಂತೆ ಬಂದು ಬೀಳುತ್ತಿದ್ದುವು. ಮಿಷನ್ ಶಾಲೆಯ ಅಂಗಳವೆಂದ ಮೇಲೆ ಅಳೆಯುವುದೇಕೆ ಎಂದು ಪಂಚರು ನಮ್ಮನ್ನು ನಂಬಿದರು. ಆ ಕಪ್ಪುಗಳು ನಮ್ಮ ಕಚೇರಿಯ ಗಾಜಿನ ಬೀರುವಿನಲ್ಲಿದ್ದುವು. ಈ ಸಂಚಿಕೆಯನ್ನು ಹಿಡಿದುಕೊಂಡು ಶಾಲೆಗೆ ಬರುವ ಹಳೆಯ ವಿದ್ಯಾರ್ಥಿನಿಯರು ಬೀರುವಿನಲ್ಲಿ ಅವುಗಳನ್ನು ಕಾಣದಿದ್ದರೆ ಕಳವಾಯಿತೆಂದು ಗಾಬರಿಗೊಳ್ಳಬಾರದು. ಒಳಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಗೆದ್ದ ಹುಡುಗಿಯರ ತಪ್ಪೇನೂ ಇಲ್ಲವಾದ್ದರಿಂದ ಅವುಗಳನ್ನು ಏನು ಮಾಡಬೇಕೆಂಬುದು ನಮಗೂ ಇನ್ನೂ ತೋಚಿಲ್ಲ.

ಆಟಕ್ಕೆ ಇಷ್ಟು ಕಟ್ಟಳೆ ಏಕೆಂದು ಕೇಳುವವರುಂಟು. ಹೆಣ್ಣುಮಕ್ಕಳ ಆಟಗಳಲ್ಲಂತೂ ಅದು ವ್ಯರ್ಥವೆಂದು ಭಾವಿಸುವವರು ಬಹಳ. ನಮ್ಮ ಥ್ರೋಬಾಲನ್ನು ಬಹುಮಟ್ಟಿಗೆ ಹೋಲುವ ನ್ಯೂಕೂಂಬ್ ಎಂಬ ಆಟವನ್ನು ಏರ್ಪಡಿಸಿದವಳು ಕ್ಲಾರಾ ಬೇಯರ್ ಎಂಬ ಉಪಾಧ್ಯಾಯಿನಿ. ಅಮೆರಿಕಾ ದೇಶದ ನ್ಯೂ ಓರ್ಲಿಯನ್ಸ್ ಪಟ್ಟಣದ ಸೋಫಿ ನ್ಯೂಕೂಂಬ್ ಮಹಿಳಾ ಕಾಲೇಜಿನಲ್ಲಿ ಅಂಗಸಾಧನೆಯನ್ನು ಕಲಿಸುತ್ತಿದ್ದವಳು. 1910ರಲ್ಲಿಯೇ ಆಕೆ ಆ ಆಟದ ನಿಯಮಗಳನ್ನು ಅಚ್ಚುಹಾಕಿಸಿದಳು. ಹೆಣ್ಣುಮಕ್ಕಳು ಆಡುವರೆಂದಾದರೆ ಗೆರೆ ಎಲ್ಲಿ, ತಪ್ಪು ಯಾವುದು ಎಂಬುದು ಬರವಣಿಗೆಯಲ್ಲಿರಬೇಕೆಂದು ಆ ಕಾಲದಲ್ಲಿಯೇ ಒಬ್ಬ ಉಪಾಧ್ಯಾಯಿನಿಗೆ ಕಂಡಿತು. ನಮಗೆ ಟೇಪು ಹಿಡಿಯಲು ಒಹಾಯೋದಿಂದ ಪತ್ರ ಬರಬೇಕಾಯಿತು.

ಕಂಬದ ಕೊಕ್ಕೆಗಳನ್ನು ಬಿಚ್ಚಿಸಿ ಮೇಲಕ್ಕೆ ಬೆಸೆಯಿಸುವುದು ಒಂದು ದಿನದ ಕೆಲಸವಾಯಿತು. ಅನಂತರ ಆ ವರ್ಷದ ಪಕ್ಷವು ತಾಲ್ಲೂಕಿನಲ್ಲಿಯೇ ಸೋತಿತು. ಬೀಸು ಹೋಗಿತ್ತು, ಎತ್ತಿ ಎಸೆಯುವುದು ಇನ್ನೂ ಬಂದಿರಲಿಲ್ಲ. ಕೆಲವು ಪೋಷಕರು ಅಸಮಾಧಾನಪಟ್ಟರು. ಅವರಿಗೆ ಇಂದು ಕಾರಣವನ್ನು ತಿಳಿಸಿದಂತಾಯಿತು.

ಒಹಾಯೋದ ಆಟವನ್ನೂ ಮಾಡಿ ನೋಡಿದೆವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಊರಿನ ಬಡಗಿಯು ಅಳತೆಗೆ ಸರಿಯಾಗಿ ಹಲಗೆಗಳನ್ನು ಮಾಡಿಕೊಟ್ಟನು. ಹಳೆಯ ಯೂನಿಫಾರಂ ಬಟ್ಟೆಯಲ್ಲಿ ಹುಡುಗಿಯರು ಚೀಲಗಳನ್ನು ಹೊಲಿದರು. ಜೋಳವನ್ನು ಕೇಳಲು ಹೋದರೆ ಅಡಿಗೆಮನೆಯ ಅಮ್ಮನವರು, “ತಿನ್ನೋ ಕಾಳನ್ನ ಕಾಲ್ದೆಸೆಗೆ ಎಸೀತೀರಾ? ನಮ್ ಸೀಮೆ ಬರ ಕಂಡಿಲ್ವಾ?” ಎಂದು ಉಗ್ರಾಣದ ಬಾಗಿಲಿನಲ್ಲಿ ನಿಂತುಬಿಟ್ಟರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹುಣಸೆಬೀಜಕ್ಕೆ ನಮ್ಮ ಕಡೆ ಕೊರತೆಯೆಲ್ಲಿ? ಅದನ್ನೇ ತುಂಬಿ, ತಕ್ಕಡಿಯಲ್ಲಿಟ್ಟು, ನಾನೂರೈವತ್ತು ಗ್ರಾಮಿಗೆ ಸರಿಮಾಡಿ ಹೊಲಿದರು. ಓಡಲಾರದ, ನೆಗೆಯಲಾರದ ಹುಡುಗಿಯರೂ ಅದನ್ನು ಆಡುತ್ತಾರೆ. ಇಪ್ಪತ್ತೇಳು ಅಡಿಯ ಗೆರೆಯನ್ನು ಆರನೆಯ ತರಗತಿಯ ಮಕ್ಕಳೇ ಟೇಪು ಹಿಡಿದು ಎಳೆಯುತ್ತಾರೆ, ನಮ್ಮನ್ನು ನಂಬುವುದಿಲ್ಲ.

ಇನ್ನು ಆ ನಾಯಕಿಯ ವಿಷಯ. ವಿಳಾಸವನ್ನು ಹುಡುಕಿಸಿ ಆಕೆಗೆ ಒಂದು ಕಾಗದವನ್ನು ಬರೆದೆವು. ಬಲೆಯ ಎತ್ತರವನ್ನು, ಮೊರಮ್ಮಿನ ಲೆಕ್ಕವನ್ನು, ನಾವಾಡಿದ ಮಾತನ್ನು ಮೂರನ್ನೂ ಮುಚ್ಚದೆ ಬರೆದು, ತಂದೆಯವರಿಗೂ ಓದಿ ಹೇಳಬೇಕೆಂದು ಕೇಳಿಕೊಂಡೆವು. ಎರಡು ತಿಂಗಳು ಉತ್ತರವಿಲ್ಲ. ಉತ್ತರ ಬರಬೇಕಾದ ಹಕ್ಕು ನಮಗಿಲ್ಲವೆಂದುಕೊಂಡೆವು.

ನವೆಂಬರ್ ತಿಂಗಳಿನ ಒಂದು ಶನಿವಾರ, ಬೆಟ್ಟದ ನೆರಳು ಅಂಗಳಕ್ಕೆ ಇಳಿಯುವ ಹೊತ್ತಿಗೆ ತಂದೆ ಮಗಳು ಇಬ್ಬರೂ ಗೇಟಿನ ಬಳಿ ನಿಂತಿದ್ದರು. ಆಕೆ ಈಗ ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನಾವು ಆಡಬೇಕೆಂದಿದ್ದ ಮಾತುಗಳೊಂದೂ ಬಾಯಿಗೆ ಬರಲಿಲ್ಲ. ತಂದೆಯು, “ಕಾಗ್ದ ಮೂರು ಸಲ ಓದ್ಸಿದ್ನಮ್ಮಾ,” ಎಂದಷ್ಟೇ ಹೇಳಿ, ಶಿರಾದಲ್ಲಿ ಕುಳಿತಂತೆಯೇ ಗೆರೆಯ ಪಕ್ಕದಲ್ಲಿ ಕುಳಿತನು. ಮಗಳು ಬಲೆಯ ಕೆಳಗೆ ಹೋಗಿ ನಿಂತು ಕೈಯನ್ನು ಮೇಲಕ್ಕೆ ಚಾಚಿದಳು. ತುದಿಬೆರಳುಗಳು ಅಂಚಿಗೆ ನಿಲುಕಲಿಲ್ಲ. “ಟೇಪು ಎಲ್ಲಿದೆ ಮಿಸ್?” ಎಂದು ಕೇಳಿದಳು. ತರಿಸಿಕೊಟ್ಟೆವು. ಎರಡು ಕಂಬಗಳ ಬಳಿಯೂ, ನಡುವಿನಲ್ಲಿಯೂ ತಾನೇ ಅಳೆದು ನೋಡಿ, ಚೆಂಡನ್ನು ಕೇಳಿದಳು. ಮೊದಲನೆಯದು ಬಲೆಗೆ ತಗಲಿತು. ಎರಡನೆಯದೂ ತಗಲಿತು. ಹಾಸ್ಟೆಲಿನ ಮಕ್ಕಳು ಅಷ್ಟರಲ್ಲಿ ಎದುರು ಪಕ್ಕದಲ್ಲಿ ಬಂದು ನಿಂತಿದ್ದರು. ಕತ್ತಲಾಗುವ ತನಕ ಆಡಿದರು.