ಲಗತ್ತಿನ ಮಹಿಮೆ

ಸರಕಾರಿ ಕಚೇರಿಯಲ್ಲಿ ಹತ್ತು ಹನ್ನೆರಡು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಬೇರೇನು ತಿಳಿಯದಿದ್ದರೂ ಒಂದು ಸತ್ಯ ಮಾತ್ರ ಚೆನ್ನಾಗಿ ತಿಳಿದಿರುತ್ತದೆ: ಪತ್ರಕ್ಕಿಂತ ಲಗತ್ತು ದೊಡ್ಡದು. ಪತ್ರದ ಭಾಷೆ ಎಷ್ಟೇ ಸೊಗಸಾಗಿರಲಿ, ವಿನಯ ಎಷ್ಟೇ ತುಂಬಿ ತುಳುಕಲಿ, ಕೆಳಗೆ ಎಡಮೂಲೆಯಲ್ಲಿ ‘ಲಗತ್ತು: 3’ ಎಂದು ಬರೆದು ಎರಡೇ ಕಾಗದ ಇಟ್ಟಿದ್ದರೆ ಅದು ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಈ ಜ್ಞಾನ ಹೊಟ್ಟೆ ಹೊರೆಯುವುದಕ್ಕಲ್ಲದೆ ಮತ್ತೆ ಯಾವುದಕ್ಕಾದರೂ ಒದಗೀತೆಂದು ನಾನು ಎಣಿಸಿರಲಿಲ್ಲ. ಆದರೆ ನಮ್ಮ ಧನಕವಡಿಯ ಮಕ್ಕಳ ಕನ್ನಡ ವರ್ಗಕ್ಕಾಗಿ ಒಂದು ಪುಟ್ಟ ಸಾಫ್ಟ್‌ವೇರನ್ನು ಲಿನಕ್ಸ್ ಕಂಪ್ಯೂಟರುಗಳಿಗೆ ಹೊಂದುವಂತೆ ಗಂಟು ಕಟ್ಟಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ, ಬಿ.ಎ. ಪದವಿಯ ವಿದ್ಯೆಯೆಲ್ಲ ದೂರ ನಿಂತಿತು. ಲಗತ್ತಿನ ವಿದ್ಯೆಯೊಂದೇ ಕೈಹಿಡಿಯಿತು.

ವರ್ಗ ಎಂದೆನಲ್ಲ, ಅದೇನು ದೊಡ್ಡ ಪಾಠಶಾಲೆಯಲ್ಲ. ಸಾತಾರಾ ರಸ್ತೆಯ ಆಸುಪಾಸಿನಲ್ಲಿ ನೆಲೆಸಿದ ವಿಜಾಪುರ, ಬೆಳಗಾವಿ, ಕಲಬುರ್ಗಿ ಕಡೆಯ ಮನೆಗಳ ಮಕ್ಕಳು ಶನಿವಾರ ಸಂಜೆ ಒಂದು ಕೋಣೆಯಲ್ಲಿ ಕೂಡುತ್ತಾರೆ. ಶಾಲೆಯಲ್ಲಿ ಅವರಿಗೆ ಮರಾಠಿ, ಇಂಗ್ಲಿಷು, ಮನೆಯಲ್ಲಿ ಕನ್ನಡ. ಆಡಲು ಬರುತ್ತದೆ, ಓದಲು ಬಾರದು. ಕೋಣೆಯಲ್ಲಿ ನಾಲ್ಕು ಹಳೆಯ ಕಂಪ್ಯೂಟರುಗಳಿವೆ. ಉದಾರಿಗಳೊಬ್ಬರು ಕೊಟ್ಟವು. ಹೊಸ ವಿಂಡೋಸಿನ ಭಾರ ಹೊರುವ ವಯಸ್ಸು ಅವಕ್ಕೆ ಮೀರಿದ್ದರಿಂದ ಡೆಬಿಯನ್ ಎಂಬ ಲಿನಕ್ಸನ್ನು ಹಾಕಿದ್ದೇವೆ. 1993ರಲ್ಲಿ ಇಯನ್ ಮರ್ಡಾಕ್ ಎಂಬ ತರುಣ ಆರಂಭಿಸಿದ ಈ ವ್ಯವಸ್ಥೆ ಇಂದಿಗೂ ಸ್ವಯಂಸೇವಕರ ಕೈಯಿಂದಲೇ ನಡೆಯುತ್ತಿದೆ. ಕಾಸಿನ ಖರ್ಚಿಲ್ಲ. ಮಕ್ಕಳ ಆಟಪಾಠಕ್ಕೆ ಅದರಲ್ಲಿ ಜಿಕಾಂಪ್ರಿ ಇದೆ. ಫ್ರೆಂಚ್ ಭಾಷೆಯಲ್ಲಿ ‘ನನಗೆ ತಿಳಿಯಿತು’ ಎಂಬ ಅರ್ಥದ ಮಾತಿನಿಂದ ಹುಟ್ಟಿದ ಈ ಹೆಸರಿನ ಸಾಫ್ಟ್‌ವೇರನ್ನು ಬ್ರೂನೋ ಕೂದ್ವಾ ಎಂಬವರು 2000ದಲ್ಲಿ ಆರಂಭಿಸಿದರು. ಚಿತ್ರ ಬರೆಯಲು ಟಕ್ಸ್ ಪೇಂಟ್ ಇದೆ. ಇಲ್ಲದಿದ್ದುದು ಒಂದೇ: ಕನ್ನಡದ ಒತ್ತಕ್ಷರ ಕಲಿಸುವ ಸಾಧನ.

ಒತ್ತಕ್ಷರಕ್ಕೇ ಯಾಕೆ ಇಷ್ಟು ಒತ್ತು ಎಂದು ವಾಚಕರು ಕೇಳಬಹುದು. ಸ್ವಲ್ಪ ಯೋಚಿಸಿ ನೋಡಿ. ಅಮ್ಮ, ಅವ್ವ, ಅಪ್ಪ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ. ಕನ್ನಡದಲ್ಲಿ ಹತ್ತಿರದ ನಂಟರೆಲ್ಲ ಒತ್ತಕ್ಷರದವರೇ! ಮರಾಠಿಯ ಮಗುವಿಗೆ ಆಈ, ಬಾಬಾ, ತಾಈ, ದಾದಾ, ಆಜೀ, ಆಜೋಬಾ ಎಂದು ಬರೆಯಲು ಒಂದು ಜೋಡಕ್ಷರವೂ ಬೇಡ. ನಮ್ಮ ಮಗುವಿಗೋ, ಒತ್ತಕ್ಷರ ಬಾರದೆ ಹೆತ್ತ ತಾಯಿಯ ಹೆಸರೂ ಕಾಗದದ ಮೇಲೆ ಮೂಡದು. ಊರಿನ ಅಜ್ಜಿಗೆ ಒಂದು ಸಾಲು ಬರೆಯಬೇಕಾದರೆ ಮೊದಲ ಶಬ್ದಕ್ಕೇ ಒತ್ತು ಎದುರಾಗುತ್ತದೆ.

ನಮ್ಮಲ್ಲೊಬ್ಬ ತರುಣ ಇಂಜಿನಿಯರು ಉತ್ಸಾಹದಿಂದ ಆ ಸಾಧನವನ್ನು ಬರೆದುಕೊಟ್ಟ. ಚಿತ್ರ, ಧ್ವನಿ, ಅಕ್ಷರ ಎಲ್ಲ ಇದ್ದವು. ಅವನ ಲ್ಯಾಪ್‌ಟಾಪಿನಲ್ಲಿ ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ವರ್ಗದ ಕಂಪ್ಯೂಟರಿಗೆ ಹಾಕಿದಾಗ ಅಕ್ಷರವಿರಬೇಕಾದ ಕಡೆಯಲ್ಲೆಲ್ಲ ಬರಿಯ ಚೌಕಗಳು. ಅಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ತರುಣನಿಗೆ ರೋಷ ಬಂತು. ಮುಂದಿನ ವಾರ ತನ್ನ ಪ್ರೋಗ್ರಾಮಿನ ಜೊತೆಗೆ ಫಾಂಟು, ಪೈಥಾನು, ಚಿತ್ರ ಮೂಡಿಸುವ ಲೈಬ್ರರಿ, ಅಕ್ಷರ ಬರೆಯುವ ಲೈಬ್ರರಿ ಎಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ತಂದ. ಮೂಟೆ ಹಲವು ನೂರು ಎಂ.ಬಿ. ತೂಗುತ್ತಿತ್ತು. ಹಳೆಯ ಯಂತ್ರ ಏದುಸಿರು ಬಿಟ್ಟು ಅದನ್ನು ತೆರೆಯಿತು. ಅಕ್ಷರಗಳೇನೋ ಬಂದವು. ಆದರೆ ಎಂಟು ವರ್ಷದ ಹುಡುಗಿಯೊಬ್ಬಳು ಪರದೆ ನೋಡಿ, “ಕಾಕಾ, ಅವ್ವ ಯಾಕ ಹಿಂಗ ಒಡದಾಳ?” ಎಂದು ಕೇಳಿದಳು. ನಿಜ, ಅಲ್ಲಿ ‘ಅವ್ವ’ ಇರಲಿಲ್ಲ, ‘ಅವ್‌ವ’ ಇತ್ತು. ಮೂಟೆಯೊಳಗೆ ಸೇರಿಕೊಂಡಿದ್ದ ಲೈಬ್ರರಿಯ ಪ್ರತಿ ಹಳೆಯದು. ಒತ್ತು ಕೂಡಿಸುವ ವಿದ್ಯೆ ಅದಕ್ಕೆ ತಿಳಿಯದು.

ಇಲ್ಲಿ ಒಳಗಿನ ಸಂಗತಿಯನ್ನು ಸ್ವಲ್ಪ ಹೇಳಬೇಕು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ದೊರೆತಿದೆ. ಆ ಓಣಿಯಲ್ಲಿ ಸ್ವರಗಳಿಗೆ, ವ್ಯಂಜನಗಳಿಗೆ, ಕಾಗುಣಿತದ ಗುರುತುಗಳಿಗೆ ಮನೆಗಳಿವೆ. ಒತ್ತಕ್ಷರಕ್ಕೆ ಸ್ವಂತ ಮನೆಯಿಲ್ಲ. ‘ಅಮ್ಮ’ ಎಂಬುದು ಕಂಪ್ಯೂಟರಿನ ಹೊಟ್ಟೆಯಲ್ಲಿ ಅ, ಮ, ಒಂದು ವಿರಾಮಚಿಹ್ನೆ, ಮತ್ತೊಂದು ಮ ಎಂದು ಸಾಲಾಗಿ ಕುಳಿತಿರುತ್ತದೆ. ಆ ಎರಡನೆಯ ‘ಮ’ವನ್ನು ಒತ್ತಿನ ರೂಪಕ್ಕೆ ತಿರುಗಿಸಿ ಮೊದಲನೆಯದರ ಕೆಳಗೆ ಕೂಡಿಸುವ ಕೆಲಸ ಬೇರೆಯವರದು. ಲಿನಕ್ಸಿನಲ್ಲಿ ಆ ಕೆಲಸವನ್ನು ಮುಖ್ಯವಾಗಿ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಬ್ರೌಸರು, ಲಿಬ್ರೆಆಫೀಸು, ಜಿಕಾಂಪ್ರಿ ಎಲ್ಲವೂ ಅದರ ಬಾಗಿಲಿಗೇ ಹೋಗುತ್ತವೆ. ಅಲ್ಲಿ ಒಂದು ದೋಷ ತಿದ್ದಿದರೆ ಎಲ್ಲರ ಮನೆಯ ಕನ್ನಡವೂ ತಿದ್ದಿದಂತಾಗುತ್ತದೆ. ಅದನ್ನು ಬಿಟ್ಟು ಪ್ರತಿಯೊಬ್ಬನೂ ತನ್ನ ಮೂಟೆಯಲ್ಲಿ ತನ್ನದೇ ಪ್ರತಿ ಹೊತ್ತು ನಡೆದರೆ, ತಿದ್ದುವವನು ಎಷ್ಟು ಮೂಟೆ ಬಿಚ್ಚಿಯಾನು? ಇಂಗ್ಲಿಷಿನಂಥ ಶ್ರೀಮಂತ ಭಾಷೆಗೆ ಈ ಕಷ್ಟವಿಲ್ಲ. ಅದರ ಅಕ್ಷರ ಹಳೆಯ ಪ್ರತಿಯಲ್ಲೂ ಒಡೆಯದು. ಹಂಚಿಕೊಂಡ ಲೈಬ್ರರಿಯಿಂದ ಹೆಚ್ಚಿನ ಲಾಭ ನಮ್ಮಂಥವರಿಗೇ.

ವರ್ಗದ ಮಾಸ್ತರರು, “ನೀವು ಕಾಗದಪತ್ರದಾಗ ಪಳಗಿದವರು. ಏನರ ಒಂದು ಹಾದಿ ನೋಡ್ರಿ” ಎಂದರು. ನಾನೂ ತರುಣನೂ ಕೂಡಿ ನಾಲ್ಕು ಭಾನುವಾರ ಕುಳಿತೆವು. ಅವನು ಪ್ರೋಗ್ರಾಮಿನ ಅಕ್ಷರ ಮೂಡಿಸುವ ಭಾಗವನ್ನು ಡೆಬಿಯನ್ನಿನಲ್ಲೇ ಇರುವ ಜಿಟಿಕೆ ಎಂಬ ಲೈಬ್ರರಿಗೆ ಒಪ್ಪಿಸಿದ. ನಾನು ಗಂಟು ಕಟ್ಟುವ ಶಾಸ್ತ್ರ ಓದಿದೆ. ಓದುತ್ತ ಹೋದಂತೆ ಇದು ನನ್ನ ಕಚೇರಿಯ ವಿದ್ಯೆಯೇ ಎಂದು ಬೆರಗಾದೆ! ಡೆಬಿಯನ್ನಿನ ಪ್ರತಿ ಗಂಟಿಗೂ ‘ಕಂಟ್ರೋಲ್’ ಎಂಬ ಒಂದು ಕಡತವಿರುತ್ತದೆ. ಗಂಟಿನ ಹೆಸರು, ನೋಡಿಕೊಳ್ಳುವವರ ಹೆಸರು, ವಿವರಣೆ, ಆಮೇಲೆ ಲಗತ್ತುಗಳು. ಅವುಗಳಲ್ಲೂ ಮೂರು ದರ್ಜೆ. ‘ಡಿಪೆಂಡ್ಸ್’ ಎಂದರೆ ಇದಿಲ್ಲದೆ ನಡೆಯದು. ‘ರೆಕಮೆಂಡ್ಸ್’ ಎಂದರೆ ಇರಲೇಬೇಕಾದ್ದು, ವಿಶೇಷ ಕಾರಣವಿದ್ದರೆ ಬಿಡಬಹುದು. ‘ಸಜೆಸ್ಟ್ಸ್’ ಎಂದರೆ ಇದ್ದರೆ ಚೆಂದ. ಲಗತ್ತಿನ ವಸ್ತುವನ್ನು ಗಂಟಿನಲ್ಲಿ ಇಡಬೇಕಾದ್ದೇ ಇಲ್ಲ. ಹೆಸರು ಬರೆದರೆ ಸಾಕು. ಆ್ಯಪ್ಟ್ ಎಂಬ ಜವಾನ ಪಟ್ಟಿ ಹಿಡಿದು ಭಂಡಾರಕ್ಕೆ ಓಡಿ, ಮನೆಯಲ್ಲಿ ಆಗಲೇ ಇದ್ದುದನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ತರುತ್ತಾನೆ.

ಕನ್ನಡ ಫಾಂಟುಗಳಿಗೆ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಒಂದು ಗಂಟಿದೆ. ಬಿಚ್ಚಿ ನೋಡಿದರೆ ಅದರಲ್ಲಿ ಒಂದು ಫಾಂಟೂ ಇಲ್ಲ! ಲೋಹಿತ್ ಕನ್ನಡ ಮುಂತಾದವನ್ನು ಕರೆತನ್ನಿ ಎಂಬ ಪಟ್ಟಿಯಷ್ಟೇ ಅದರ ಆಸ್ತಿ. ನಮ್ಮ ಸಂಘಗಳ ಕಾರ್ಯದರ್ಶಿಗಳೂ ಹಾಗೆಯೇ ಅಲ್ಲವೇ? ತಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹತ್ತು ಜನರನ್ನು ಕೂಡಿಸಿ ತರುವುದೇ ಅವರ ಹೆಚ್ಚಳ. ನಾನು ಪೈಥಾನ್, ಜಿಟಿಕೆ, ಅವೆರಡನ್ನೂ ಬೆಸೆಯುವ ಕೊಂಡಿ, ಧ್ವನಿಗೆ ಜಿಸ್ಟ್ರೀಮರ್, ಅಕ್ಷರಕ್ಕೆ ಈ ಕಾರ್ಯದರ್ಶಿ ಗಂಟು, ಹೀಗೆ ಐದು ಹೆಸರು ಬರೆದೆ. ಮೂಟೆ ಹೋಗಿ ಬುತ್ತಿಯಷ್ಟಾಯಿತು. ಉಳಿದದ್ದು ಚಿತ್ರ, ಧ್ವನಿ ಮತ್ತು ಕೆಲವು ಸಾವಿರ ಸಾಲು.

ಪಟ್ಟಿ ಪೂರ್ತಿಯಾಗಿದೆಯೆಂದು ತಿಳಿಯುವುದು ಹೇಗೆ? ಬರೆದವನ ಯಂತ್ರದಲ್ಲಿ ಎಂದೂ ತಿಳಿಯದು. ಅಲ್ಲಿ ಹಿಂದೆ ಯಾವಾಗಲೋ ಬಂದು ನೆಲೆಸಿದ ನೂರು ವಸ್ತುಗಳಿರುತ್ತವೆ. ಯಾವುದರ ಮೇಲೆ ಒರಗಿಕೊಂಡಿದ್ದೇವೆಂಬ ಎಚ್ಚರವೇ ಇರುವುದಿಲ್ಲ. ಅದಕ್ಕಾಗಿ ಡೆಬಿಯನ್ನಿನವರು ಪೀಬಿಲ್ಡರ್ ಮೊದಲಾದ ಸಾಧನಗಳಿಂದ ಒಂದು ಬರಿದಾದ ಮನೆಯನ್ನು ಹೂಡುತ್ತಾರೆ. ಪಟ್ಟಿಯಲ್ಲಿದ್ದುದನ್ನು ಮಾತ್ರ ಒಳಗೆ ಬಿಟ್ಟು ಒಲೆ ಹೊತ್ತುತ್ತದೆಯೇ ಎಂದು ನೋಡುತ್ತಾರೆ. ಮರೆತ ಲಗತ್ತು ಅಲ್ಲಿ ಬಯಲಾಗುತ್ತದೆ.

ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಊರು ಬಿಟ್ಟು ಬಂದ ನಾವೆಲ್ಲ ಇಂಥದೇ ಬರಿದಾದ ಮನೆಯನ್ನು ಹೊಕ್ಕವರಲ್ಲವೇ? ಊರಿನಲ್ಲಿ ನನಗೆ ಕನ್ನಡವನ್ನು ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಬಸ್ಸಿನ ಬೋರ್ಡು ಓದಿಸಿತು, ಸಂತೆ ಮಾತು ಕಲಿಸಿತು, ಅಜ್ಜಿಯ ಹಾಡು ಕಿವಿ ತಿದ್ದಿತು. ಇವೆಲ್ಲ ಸಾರ್ವಜನಿಕ ಲೈಬ್ರರಿಗಳು. ಓಣಿಯ ಮಕ್ಕಳೆಲ್ಲ ಹಂಚಿಕೊಂಡು ಉಂಡದ್ದು. ಧನಕವಡಿಯಲ್ಲಿ ಹುಟ್ಟಿದ ಮಗುವಿಗೆ ಬಸ್ಸಿನ ಬೋರ್ಡು ಮರಾಠಿ, ಸಂತೆ ಮರಾಠಿ, ಅಜ್ಜಿ ಇನ್ನೂರು ಮುನ್ನೂರು ಮೈಲಿ ದೂರ. ‘ಮನೆಯಲ್ಲಿ ಕನ್ನಡ ಆಡುತ್ತೇವಲ್ಲ, ತಾನೇ ಬರುತ್ತದೆ’ ಎನ್ನುವ ತಂದೆತಾಯಿ ತನ್ನ ಲ್ಯಾಪ್‌ಟಾಪಿನಲ್ಲಿ ಸರಿಯಿದೆ ಎನ್ನುವ ತರುಣನ ಹಾಗೆಯೇ. ಏನೇನು ಬೇಕೆಂಬುದನ್ನು ಇಲ್ಲಿ ನಾವೇ ಕುಳಿತು ಬರೆಯಬೇಕು. ಬರೆದದ್ದನ್ನು ಕೂಡಿ ತರಬೇಕು.

ಅವಿಭಕ್ತ ಕುಟುಂಬಕ್ಕೆ ಅದರದೇ ಆದ ತಂಟೆಗಳುಂಟು. ಪೈಥಾನ್ 2ರ ಪೋಷಣೆ 2020ರ ಜನವರಿ 1ರಂದು ನಿಂತಾಗ ಅದನ್ನೇ ನಂಬಿದ್ದ ಎಷ್ಟೋ ಹಳೆಯ ಪ್ರೋಗ್ರಾಮುಗಳು ಬೀದಿಗೆ ಬಿದ್ದವು. ಅದಕ್ಕೇ ಕೆಲವರು ಆ್ಯಪ್‌ಇಮೇಜ್ ಎಂಬ ಸ್ವಂತ ಮೂಟೆಯನ್ನು ಮೆಚ್ಚುತ್ತಾರೆ. ಫ್ಲಾಟ್‌ಪ್ಯಾಕಿನವರದು ನಡುವಿನ ದಾರಿ: ಒಂದು ದೊಡ್ಡ ಛತ್ರ ಕಟ್ಟಿ ಹಲವರನ್ನು ಅಲ್ಲಿ ಇಳಿಸುತ್ತಾರೆ. ಹೊಸ ಯಂತ್ರ, ವೇಗದ ಇಂಟರ್‌ನೆಟ್ಟು ಇದ್ದವರಿಗೆ ಅದು ಅನುಕೂಲವೇ. ನಮ್ಮ ನಾಲ್ಕು ಮುದಿ ಯಂತ್ರಗಳಿಗೆ ಛತ್ರವೇ ಭಾರ.

ಆದರೆ ಯಾರ ಕಂಬಕ್ಕೆ ಒರಗುತ್ತೇವೆ ಎಂಬುದನ್ನು ನೋಡಿಯೇ ಒರಗಬೇಕು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ 2 ಬಂದದ್ದು 2013ರಲ್ಲಿ. ಇಂಟರ್‌ನೆಟ್ಟಿಲ್ಲದೆ ಅದು ನಡೆಯಬೇಕಾದರೆ ಅಡೋಬಿ ಏರ್ ಬೇಕು. ಅಡೋಬಿಯವರೋ 2011ರಲ್ಲೇ ಲಿನಕ್ಸಿಗೆ ಏರ್ ಒದಗಿಸುವುದನ್ನು ನಿಲ್ಲಿಸಿದ್ದರು. ಒಳಗಿನ ಬರಹ ಕಂಪನಿಯ ಪೆಟ್ಟಿಗೆಯಲ್ಲಿ. ಹೊರಗಿನವರು ತಿದ್ದಿ ನಡೆಸುವಂತಿರಲಿಲ್ಲ. 2019ರಲ್ಲಿ ಸ್ಕ್ರ್ಯಾಚ್ 3 ಬೇರೆ ತಳಹದಿಯ ಮೇಲೆ ಬಂದಾಗಲೇ ಆ ತೊಡಕು ಬಿಟ್ಟದ್ದು. ಹಾರ್ಫ್‌ಬಜ್ ಹಾಗಲ್ಲ. ಅದರ ಬರಹ ಎಲ್ಲರ ಮುಂದಿದೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಹಿಡಿಯಬಹುದು.

ಈ ಹಾದಿ ಹಿಡಿದವರು ನಾವೇ ಮೊದಲಿಗರಲ್ಲ. ನಾರ್ವೆಯವರು 2001ರಲ್ಲಿ ಸ್ಕೂಲೆಲಿನಕ್ಸ್ ಆರಂಭಿಸಿದಾಗ, ತಮ್ಮ ಸಣ್ಣ ದೇಶದ ಮಕ್ಕಳಿಗೆ ತಮ್ಮ ನುಡಿಯಲ್ಲೇ ಕಂಪ್ಯೂಟರು ದೊರೆಯಬೇಕೆಂಬ ಹಂಬಲವೂ ಅದರಲ್ಲಿತ್ತು. ಅದು ಮುಂದೆ ಡೆಬಿಯನ್ನಿನ ಶಾಲಾ ಆವೃತ್ತಿಯೊಂದಿಗೆ ಕೂಡಿತು. ಅದೇ 2001ರಲ್ಲಿ ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಹುಟ್ಟಿತು; 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅವರು ಶಾಲೆಗಳಿಗೆ ಕೊಡುವುದು ಉಬುಂಟು ಲಿನಕ್ಸಿನ ಮೇಲೆ ಕಟ್ಟಿದ ವ್ಯವಸ್ಥೆ. ಉಬುಂಟು ನಿಂತಿರುವುದು ಡೆಬಿಯನ್ನಿನ ಮೇಲೆ. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಅದೇ ತಲುಪುತ್ತದೆ. ಆದ್ದರಿಂದ ಬುಡದಲ್ಲಿ ಯಾರೋ ಒಂದು ಒತ್ತನ್ನು ತಿದ್ದಿದರೆ ಕಾಸರಗೋಡಿನ ‘ಅಮ್ಮ’ನೂ ಧನಕವಡಿಯ ‘ಅವ್ವ’ನೂ ಒಟ್ಟಿಗೆ ನೆಟ್ಟಗಾಗುತ್ತಾರೆ. ಗಡಿಯ ಎಷ್ಟೋ ಸಭೆಗಳಲ್ಲಿ ಆಗದ ಕೂಡಿಕೆ ಇದು.

ನಮ್ಮ ಗಂಟು ಈಗ ನಾಲ್ಕೂ ಯಂತ್ರಗಳಲ್ಲಿ ನಡೆಯುತ್ತಿದೆ. ಆ ಹುಡುಗಿ ‘ಅಜ್ಜಿ’ ಎಂದು ಒತ್ತಿ, ಒತ್ತು ಕೆಳಗೆ ಇಳಿದು ಕೂಡುವುದನ್ನು ನೋಡಿ ನಗುತ್ತಾಳೆ. ಇನ್ನು ಉಳಿದ ಚಿಂತೆ ಒಂದೇ. ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸದಾಗುತ್ತದೆ. 2023ರಲ್ಲಿ 12, 2025ರಲ್ಲಿ 13 ಬಂದವು. ಪ್ರತಿ ಸಲವೂ ಲಗತ್ತುಗಳನ್ನು ತಾಳೆ ನೋಡಬೇಕು. ನೋಡಿಕೊಳ್ಳುವವರಿಲ್ಲದ ಗಂಟಿಗೆ ಡೆಬಿಯನ್ನಿನಲ್ಲಿ ‘ಅನಾಥ’ ಎಂದೇ ಹೆಸರು; ಯಾರಾದರೂ ಮುಂದೆ ಬಂದರೆ ‘ದತ್ತು’ ತೆಗೆದುಕೊಂಡರೆನ್ನುತ್ತಾರೆ. ನನಗೆ ಎಂದಾದರೂ ವರ್ಗಾವಣೆಯಾಗುವುದು. ತರುಣನಿಗೆ ಪರದೇಶದ ಕರೆ ಬಂದರೂ ಬಂದೀತು. ಆದ್ದರಿಂದ ಕಡತದಲ್ಲಿ ಐದು ಲಗತ್ತುಗಳ ಎದುರಿಗೂ ಇದು ಯಾಕೆ ಬೇಕೆಂದು ಅಚ್ಚಗನ್ನಡದಲ್ಲಿ ಬರೆದಿಟ್ಟಿದ್ದೇನೆ. ಇಂಜಿನಿಯರೇ ಆಗಿರಬೇಕೆಂದಿಲ್ಲ, ಪಟ್ಟಿ ಓದಿ ತಾಳೆ ನೋಡುವ ತಾಳ್ಮೆ ಸಾಕು. ಸಂಘದ ಮನೆಗಳಲ್ಲಿ ಹೈಸ್ಕೂಲು ಮುಗಿಸುತ್ತಿರುವ ಹುಡುಗ ಹುಡುಗಿಯರಿದ್ದರೆ ಶನಿವಾರ ಸಂಜೆ ಕಳುಹಿಸಿಕೊಡಿ. ಗಂಟನ್ನು ದತ್ತು ಕೊಡಲು ನಾವು ಸಿದ್ಧರಿದ್ದೇವೆ.