ನಾನು ಬಗ್ಗಲ್ಲ, ಹುಟ್ಟೇ ಉದ್ದವಾಗಲಿ

ನನ್ನ ಎತ್ತರ ಆರಡಿ ಮೂರಿಂಚು. ಸೆಂಟಿಮೀಟರ್ ಲೆಕ್ಕದಲ್ಲಿ 190. ಮದುವೆ ಮನೆಗೆ ಹೋದರೆ ‘ಮ್ಯಾಲ ಹವಾ ಹೆಂಗೈತಿ?’ ಅಂತ ಕೇಳುವವರು ಒಬ್ಬರಾದರೂ ಸಿಗುತ್ತಾರೆ. ನಾನೂ ನಗುತ್ತೇನೆ. ಅಡುಗೆಮನೆ ಕಟ್ಟೆಗೆ ಬಗ್ಗು, ವಾಶ್‌ಬೇಸಿನ್‌ಗೆ ಬಗ್ಗು, ಗ್ರೂಪ್ ಫೋಟೋಗೆ ಬಗ್ಗು. ಬಗ್ಗಿ ಬಗ್ಗಿ ಅದೇ ನನ್ನ ನಿಲುವಾಗಿಬಿಟ್ಟಿತ್ತು. ಅದರ ಮೇಲೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ. ಇಪ್ಪತ್ತೆಂಟಕ್ಕೇ ಸೊಂಟದ ಎಂಆರ್‌ಐ ಆಯ್ತು. ಎಲ್4-ಎಲ್5 ಡಿಸ್ಕ್ ಸ್ವಲ್ಪ ಉಬ್ಬಿದೆ ಅಂದರು. ಆಪರೇಷನ್ ಬೇಡ, ಆದರೆ ದೇಹಕ್ಕೆ ಚಲನೆ ಬೇಕೇ ಬೇಕು ಅಂತ ಫಿಸಿಯೋಥೆರಪಿಸ್ಟ್ ಕಟ್ಟುನಿಟ್ಟಾಗಿ ಹೇಳಿದರು.

ಅದೇ ಡಿಸೆಂಬರ್‌ನಲ್ಲಿ ಆಫೀಸಿನವರೆಲ್ಲ ದಾಂಡೇಲಿ ಟ್ರಿಪ್ ಹಾಕಿದರು. ನನ್ನೂರು ಹಳಿಯಾಳ. ದಾಂಡೇಲಿ, ಜೋಯಿಡಾ ಎಲ್ಲ ನಮಗೆ ಪಕ್ಕದ ಮನೆ ಇದ್ದಂತೆ. ಆದರೂ ಪ್ರವಾಸಿಯಾಗಿ ಹೋಗಿದ್ದು ಅದೇ ಮೊದಲು. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ನದಿ ರಭಸವಾಗಿ ಹರಿಯುತ್ತದೆ. ರಾಫ್ಟಿಂಗ್ ನಡೆಯುವುದು ಅಲ್ಲಿ. ಇನ್ನೂ ಕೆಳಗೆ ಬಂದರೆ ಬೊಮ್ಮನಹಳ್ಳಿ ಜಲಾಶಯದ ಹಿನ್ನೀರು, ಬೆಳಗ್ಗೆ ಕನ್ನಡಿಯ ಹಾಗೆ ನಿಂತಿರುತ್ತದೆ. ನಾವಿದ್ದ ರೆಸಾರ್ಟ್‌ನವರು ಅಲ್ಲಿ ಸ್ಟ್ಯಾಂಡ್-ಅಪ್ ಪ್ಯಾಡಲ್ ಬೋರ್ಡ್ ಇಟ್ಟಿದ್ದರು. ಗಾಳಿ ತುಂಬಿದ ಉದ್ದನೆಯ ಹಲಗೆ, ಅದರ ಮೇಲೆ ನಿಂತುಕೊಂಡೇ ಹುಟ್ಟು ಹಾಕುತ್ತಾ ಹೋಗುವುದು. ‘ನಿಂತು ಮಾಡೋ ಆಟ, ನನ್ನ ಬೆನ್ನಿಗೆ ಹೇಳಿ ಮಾಡಿಸಿದ್ದು’ ಅಂದುಕೊಂಡೆ.

ನನಗಿಂತ ಮೊದಲು ನಮ್ಮ ಟೀಮಿನ ಒಬ್ಬಳು ಬೋರ್ಡ್ ಮೇಲಿದ್ದಳು. ಅವಳ ಕೈಯಿಂದ ಪ್ಯಾಡಲ್ ತಗೊಂಡು ಹಾಗೇ ಹೊರಟೆ. ಅದರ ಉದ್ದ ಹೆಚ್ಚು ಕಡಿಮೆ ಮಾಡಬಹುದು ಅನ್ನೋದು ನನಗೆ ಗೊತ್ತಿರಲಿಲ್ಲ, ಅಲ್ಲಿದ್ದ ಹುಡುಗನೂ ಹೇಳಲಿಲ್ಲ. ನೀರು ಸಿಗಬೇಕಾದರೆ ಪ್ರತಿ ಸಲ ಸೊಂಟ ಬಗ್ಗಿಸಬೇಕಿತ್ತು. ದಂಡೆಯ ಮರದಿಂದ ಮಂಗಟ್ಟೆ ಹಕ್ಕಿಗಳು ರೆಕ್ಕೆಯ ಸದ್ದು ಮಾಡುತ್ತಾ ಹಾರಿದವು. ಆ ಖುಷಿಯಲ್ಲಿ ಮುಕ್ಕಾಲು ಗಂಟೆ ಬಗ್ಗಿ ಬಗ್ಗಿ ಹುಟ್ಟು ಹಾಕಿದೆ.

ಆ ರಾತ್ರಿ ಹಳಿಯಾಳದ ಮನೆಗೆ ಹೋಗಿದ್ದೆ. ಬೆಳಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಅಪ್ಪ ಬಂದು ನೋಡಿದ.

‘ಯಾಕೋ ತಮ್ಮಾ, ಏನಾತು?’

ನಡೆದದ್ದು ಹೇಳಿದೆ. ಪ್ಯಾಡಲ್ ಎಷ್ಟುದ್ದ ಇತ್ತು ಅಂತ ಕೇಳಿದ. ಕೈ ಮಾಡಿ ತೋರಿಸಿದೆ. ಅಪ್ಪ ಬಾಯಿ ಚಪ್ಪರಿಸಿ ಅಂದ: ‘ಕಾವು ಗಿಡ್ಡ ಆದ್ರ ಬೆನ್ನ ಬಗ್ಗಬೇಕಾಗತೈತಿ. ಸಲಿಕಿ ಆದ್ರೂ ಅಷ್ಟ, ಹುಟ್ಟ ಆದ್ರೂ ಅಷ್ಟ.’

ಕಬ್ಬಿನ ಗದ್ದೆಗೆ ನೀರು ತಿರುವುತ್ತಾ ಜೀವನ ಕಳೆದವನ ಮಾತು. ತಮಾಷೆ ಏನೆಂದರೆ ಅಪ್ಪನ ಸಲಿಕೆಗೆ ಇರುವುದು ಇವತ್ತಿಗೂ ಅಜ್ಜನ ಕಾಲದ ಕಾವು. ಅಜ್ಜ ಐದೂವರೆ ಅಡಿಯ ಆಳು. ಅಪ್ಪ ಆರಡಿ ಒಂದಿಂಚು.

ಹದಿನೈದು ದಿನ ವಿಶ್ರಾಂತಿ ಆದಮೇಲೆ ಫಿಸಿಯೋ ಕೇಳಿದ ಮೊದಲ ಪ್ರಶ್ನೆ, ‘ಆಟ ಬಿಡ್ತೀರಾ, ಇಲ್ಲ ಸರಿಯಾಗಿ ಕಲೀತೀರಾ?’ ಬಿಡಲು ಮನಸ್ಸಿರಲಿಲ್ಲ. ನಮ್ಮ ರಾಜ್ಯದಲ್ಲಿ ಇದನ್ನು ಚೆನ್ನಾಗಿ ಕಲಿಸುವವರು ಕರಾವಳಿಯ ಮೂಲ್ಕಿ ಕಡೆ ಇದ್ದಾರೆ. 2024ರ ಮಾರ್ಚ್‌ನಲ್ಲಿ ಮಂಗಳೂರು ಹತ್ತಿರದ ಸಸಿಹಿತ್ಲು ಬೀಚ್‌ನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಅಂತ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆದಿದೆ. ಒಂದು ವೀಕೆಂಡ್ ಮೂಲ್ಕಿಗೆ ಹೋಗಿ ಶಾಂಭವಿ ನದಿಗೆ ಇಳಿದೆ. ಕಲಿಸುವ ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿಲ್ಲಿ ಮಾರಾಯ್ರೆ, ಮೊದಲು ಅಳತೆ’ ಅಂದರು.

ಅಳತೆ ಬಹಳ ಸುಲಭ. ಪ್ಯಾಡಲ್‌ನ ಅಲಗು ಕೆಳಗೆ, ಹಿಡಿ ಮೇಲೆ ಬರುವಂತೆ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ. ನೀವೂ ನೆಟ್ಟಗೆ ನಿಂತು ಕೈ ಮೇಲೆತ್ತಿ. ಹಿಡಿ ನಿಮ್ಮ ಮಣಿಕಟ್ಟಿನ ಹತ್ತಿರ ಬರಬೇಕು. ಅಂಕಿಯಲ್ಲಿ ಹೇಳುವುದಾದರೆ ನಿಮ್ಮ ಎತ್ತರಕ್ಕೆ 15ರಿಂದ 25 ಸೆಂ.ಮೀ. ಸೇರಿಸಿ. ನಮ್ಮ ಕಡೆ ಭಾಷೆಯಲ್ಲಿ, ತಲೆಯ ಮೇಲೆ ಒಂದು ಗೇಣು. ನನಗೆ 190 ಜೊತೆ 20, ಅಂದರೆ 210. ಗಾಳಿ ತುಂಬುವ ಬೋರ್ಡ್‌ಗಳು ಹೆಚ್ಚಾಗಿ 12ರಿಂದ 15 ಸೆಂ.ಮೀ. ದಪ್ಪ ಇರುತ್ತವೆ. ದಪ್ಪ ಬೋರ್ಡ್ ಮೇಲೆ ನಿಂತಾಗ ನೀರು ಅಷ್ಟು ಕೆಳಗೆ ಹೋಗುತ್ತದೆ, ಹಾಗಾಗಿ ಒಂದೆರಡು ಬೆರಳು ಜಾಸ್ತಿ ಇದ್ದರೂ ನಡೆಯುತ್ತದೆ.

ನೀರಿನಲ್ಲಿ ಇನ್ನೊಂದು ಪರೀಕ್ಷೆ. ಅಲಗು ಪೂರ್ತಿ ಮುಳುಗಿದಾಗ ಮೇಲಿನ ಕೈ ಮೂಗಿನಿಂದ ಹಣೆಯ ಎತ್ತರದೊಳಗೆ ಇರಬೇಕು. ಎದೆಗಿಂತ ಕೆಳಗೆ ಬಂದರೆ ಬೆನ್ನಿಗೆ ಪೆಟ್ಟು. ತಲೆಗಿಂತ ಮೇಲೆ ಹೋದರೆ ಭುಜಕ್ಕೆ ಪೆಟ್ಟು. ಎತ್ತರದವರು ಅಂತ ಸುಮ್ಮನೆ ಉದ್ದ ಮಾಡುತ್ತಾ ಹೋಗುವುದೂ ತಪ್ಪೇ.

ಇನ್ನೊಂದು ವಿಷಯ ಕೇಳಿ ನನಗೇ ನಗು ಬಂತು. ಅಲಗು ಕೋಲಿನಿಂದ ಸ್ವಲ್ಪ ಓರೆಯಾಗಿರುತ್ತದೆ. ಆ ಓರೆ ಮುಂದಕ್ಕೆ, ಬೋರ್ಡ್‌ನ ಮೂತಿಯ ಕಡೆ ಇರಬೇಕು. ಬೊಮ್ಮನಹಳ್ಳಿ ಹಿನ್ನೀರಿನಲ್ಲಿ ನಾನು ಗಿಡ್ಡ ಪ್ಯಾಡಲ್ ಹಿಡಿದಿದ್ದಷ್ಟೇ ಅಲ್ಲ, ಹಿಂದುಮುಂದಾಗಿಯೂ ಹಿಡಿದಿದ್ದೆ!

ಬೆಂಗಳೂರಿಗೆ ಬಂದು ಸ್ವಂತದ್ದೇ ಇರಲಿ ಅಂತ ಆನ್‌ಲೈನ್‌ನಲ್ಲಿ ಒಂದು ಅಡ್ಜಸ್ಟಬಲ್ ಪ್ಯಾಡಲ್ ತರಿಸಿದೆ. ಅಲ್ಯೂಮಿನಿಯಂ, ಮೂರು ತುಂಡು, ಡಬ್ಬದ ಮೇಲೆ ‘165–210’ ಅಂತ ಇತ್ತು. ನನಗೆ ಬೇಕಾದ್ದೂ 210. ಸರಿಹೋಯ್ತು ಅಂದುಕೊಂಡೆ. ಸರ್ವರ್ ಅನ್ನು ನೂರಕ್ಕೆ ನೂರು ಲೋಡ್‌ನಲ್ಲಿ ಓಡಿಸಬಾರದು ಅಂತ ಜೂನಿಯರ್‌ಗಳಿಗೆ ಪಾಠ ಹೇಳುವ ನಾನು, ಆ ಬುದ್ಧಿಯನ್ನು ಇಲ್ಲಿ ಬಳಸಲಿಲ್ಲ.

ಮಾರ್ಚ್‌ನಲ್ಲಿ ಮತ್ತೆ ಬೊಮ್ಮನಹಳ್ಳಿ ಹಿನ್ನೀರು. ಬೆಳಗ್ಗೆ ಚೆನ್ನಾಗಿತ್ತು. ಹತ್ತು ಗಂಟೆ ಹೊತ್ತಿಗೆ ಗಾಳಿ ಎದ್ದಿತು. ದಂಡೆ ಕಡೆ ತಿರುಗಿಸಲು ಜೋರಾಗಿ ಎಳೆದಾಗ ಕ್ಲ್ಯಾಂಪ್ ಜಾರಿ, ಮೇಲಿನ ಕೋಲು ಒಂದು ಗೇಣು ಒಳಗೆ ಹೋಯಿತು. ಭಾರ ಹಾಕಿದ್ದ ನಾನು ಮುಗ್ಗರಿಸಿ ನೀರಿಗೆ ಬಿದ್ದೆ. ಬೀಳುವಾಗ ಸೊಂಟ ತಿರುಚಿತು. ಲೈಫ್ ಜಾಕೆಟ್ ಇದ್ದದ್ದರಿಂದ ತೇಲಿದೆ, ಆದರೆ ಬೋರ್ಡ್ ಹತ್ತಲು ಆಗಲಿಲ್ಲ. ಜೊತೆಗಿದ್ದ ಗೈಡ್ ಕಯಾಕ್‌ನಲ್ಲಿ ಬಂದು ಎಳೆದುಕೊಂಡು ಹೋದ. ಆ ಐದು ನಿಮಿಷ ನನಗೆ ಡಿಸ್ಕ್ ನೆನಪಾಗಲಿಲ್ಲ, ಕಾಳಿಯ ಮೊಸಳೆಗಳು ನೆನಪಾದವು. ನಮ್ಮ ನದಿಯಲ್ಲಿ ಅವು ಇರುವುದು ಕತೆಯಲ್ಲ, ನಿಜ. ಅದಕ್ಕೇ ಹೇಳುವುದು: ಸ್ಥಳೀಯ ಗೈಡ್ ಹೇಳಿದ ಜಾಗ ಬಿಟ್ಟು ಹೋಗಬೇಡಿ, ಒಬ್ಬರೇ ಇಳಿಯಬೇಡಿ. ಅಣೆಕಟ್ಟಿನ ಕೆಳಗೆ ಹರಿಯುವ ಭಾಗದಲ್ಲಂತೂ ಸೂಪಾ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಸೆಳೆತ ಏರುತ್ತದೆ, ಅದು ಕಲಿಯುವ ಜಾಗವಲ್ಲ. ಹರಿವ ನೀರಲ್ಲಿ ಕಾಲಿಗೆ ಕಟ್ಟುವ ಹಗ್ಗವೂ ಅಪಾಯ, ಕೊಂಬೆಗೆ ಸಿಕ್ಕಿದರೆ ಬಿಚ್ಚಲಾಗುವುದಿಲ್ಲ. ಸೊಂಟದ ಪಟ್ಟಿಗೆ ಹಾಕಿ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು ಬೇಕು.

ಆಮೇಲೆ ಕೂತು ಪ್ಯಾಡಲ್ ನೋಡಿದೆ. ಪೂರ್ತಿ ಉದ್ದ ಮಾಡಿದಾಗ ಒಳಗಿನ ಕೋಲು ಹೊರಗಿನ ಕೋಲಿನೊಳಗೆ ಉಳಿಯುವುದು ಕೆಲವೇ ಬೆರಳಿನಷ್ಟು. ನಮ್ಮ ಎಳೆತವನ್ನೆಲ್ಲ ಆ ಕೆಲವು ಬೆರಳೇ ತಡೆಯಬೇಕು. ಅಲ್ಲೇ ಅಲುಗಾಟ, ಅಲ್ಲೇ ಜಾರುವಿಕೆ. ಸರಾಸರಿ ಎತ್ತರದವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ, ಅವರು ನಡುವಿನ ಅಳತೆಯಲ್ಲೇ ಇರುತ್ತಾರೆ. ಕೊನೆಯ ಗೆರೆಯ ಹತ್ತಿರ ಬದುಕುವವರು ನಾವು.

ಎರಡನೇ ಸಲ ಕೊಳ್ಳುವಾಗ ನಾನು ನೋಡಿದ್ದು ಇಷ್ಟು. ನಿಮಗೂ ಉಪಯೋಗವಾದೀತು.

ಒಂದು, ಗರಿಷ್ಠ ಉದ್ದ ನಿಮ್ಮ ಅಳತೆಗಿಂತ ಕನಿಷ್ಠ 5ರಿಂದ 8 ಸೆಂ.ಮೀ. ಹೆಚ್ಚಿರಲಿ. ನನಗೆ 210 ಬೇಕಿತ್ತು, 220ರವರೆಗೆ ಹೋಗುವುದನ್ನೇ ತಗೊಂಡೆ.

ಎರಡು, ಕೀಲು ಎಷ್ಟಿವೆ ನೋಡಿ. ಎರಡು ತುಂಡಿನದಕ್ಕೆ ಒಂದೇ ಕೀಲು, ಗಟ್ಟಿ ಜಾಸ್ತಿ. ಮೂರು ತುಂಡಿನದಕ್ಕೆ ಎರಡು ಕೀಲು, ಆದರೆ ಬ್ಯಾಗಿನೊಳಗೆ ಹೋಗುತ್ತದೆ. ರಾತ್ರಿ ಬಸ್ಸಿನಲ್ಲಿ ಓಡಾಡುವ ನನಗೆ ಮೂರು ತುಂಡೇ ಗತಿ, ಹಾಗಾಗಿ ಕ್ಲ್ಯಾಂಪ್ ಬಗ್ಗೆ ರಾಜಿ ಮಾಡಿಕೊಳ್ಳಲಿಲ್ಲ. ನಿಮ್ಮ ಅಳತೆಗೆ ಇಟ್ಟು ಲಾಕ್ ಮಾಡಿ, ನೆಲಕ್ಕೆ ಊರಿ ಭಾರ ಹಾಕಿ. ಹಿಡಿಯನ್ನು ಎರಡೂ ಕಡೆ ತಿರುಚಿ. ಜಾರಿದರೆ, ಕಟಕಟ ಅಂದರೆ ವಾಪಸ್ ಕಳಿಸಿ. ಕ್ಲ್ಯಾಂಪ್‌ನ ಸ್ಕ್ರೂ ಬಿಗಿ ಮಾಡಲು ಬರುವಂತಿರಬೇಕು, ಬಳಸುತ್ತಾ ಅದು ಸಡಿಲ ಆಗಿಯೇ ಆಗುತ್ತದೆ.

ಮೂರು, ತೂಕ. ಅಲ್ಯೂಮಿನಿಯಂ ಪ್ಯಾಡಲ್ ಸುಮಾರು ಒಂದು ಕೆಜಿ ಅಥವಾ ಸ್ವಲ್ಪ ಮೇಲೆ. ಕಾರ್ಬನ್ ಆದರೆ ಆರೇಳು ನೂರು ಗ್ರಾಂ, ಬೆಲೆ ಮಾತ್ರ ಜಾಸ್ತಿ. ಫೈಬರ್‌ಗ್ಲಾಸ್ ನಡುವಿನದು. ನಿಮಿಷಕ್ಕೆ 30 ಸಲ ಹುಟ್ಟು ಹಾಕಿದರೆ ಗಂಟೆಗೆ 1,800 ಸಲ. ಪ್ರತಿ ಸಲ 400 ಗ್ರಾಂ ಕಡಿಮೆ ಎತ್ತಿದರೆ ಗಂಟೆಗೆ 720 ಕೆಜಿ ಉಳಿತಾಯ. ಈ ಲೆಕ್ಕ ಹಾಕಿದ ಮೇಲೆ ಹೆಂಡತಿಯನ್ನು ಒಪ್ಪಿಸುವುದು ಸುಲಭವಾಯಿತು.

ನಾಲ್ಕು, ಅಲಗಿನ ಅಗಲ. ಉದ್ದ ಇದ್ದೀನಿ, ದೊಡ್ಡ ಅಲಗೇ ಬೇಕು ಅಂದುಕೊಂಡಿದ್ದೆ. ಹಾಗಲ್ಲ. ಕೋಲಿನ ಉದ್ದ ಎತ್ತರಕ್ಕೆ, ಅಲಗಿನ ಅಳತೆ ಶಕ್ತಿಗೆ. ದೊಡ್ಡ ಅಲಗು ಹೆಚ್ಚು ನೀರು ಹಿಡಿಯುತ್ತದೆ, ಅದರ ಭಾರವನ್ನೆಲ್ಲ ಭುಜ ಮತ್ತು ಸೊಂಟ ಹೊರಬೇಕು. ಬೆನ್ನಿನ ತೊಂದರೆ ಇರುವವರಿಗೆ 80–85 ಚದರ ಇಂಚಿನ ಚಿಕ್ಕ ಅಲಗು, ಚುರುಕಾದ ಸಣ್ಣ ಎಳೆತ ಒಳ್ಳೆಯದು.

ಐದು, ಮುಗಿದ ಮೇಲೆ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಮರಳು ಸಿಕ್ಕಿದರೆ ಕೋಲು ಕಚ್ಚಿಕೊಂಡು ಕೂರುತ್ತದೆ.

ಇಷ್ಟೆಲ್ಲ ಯಾಕೆ, ಒಂದೇ ಉದ್ದದ ಪ್ಯಾಡಲ್ ಕತ್ತರಿಸಿ ಮಾಡಿಸಬಹುದಲ್ಲ ಅಂತ ಕೇಳಬಹುದು. ಮಾಡಿಸಬಹುದು, ಹಗುರವಾಗಿಯೂ ಇರುತ್ತದೆ. ಆದರೆ ನನ್ನ ಹೆಂಡತಿಯ ಎತ್ತರ 155. ಅವಳಿಗೆ 175 ಸಾಕು. ಒಂದೇ ಪ್ಯಾಡಲ್ ಇಬ್ಬರಿಗೂ ಆಗುತ್ತದೆ. ಇಬ್ಬರ ಗೆರೆಯನ್ನೂ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇವೆ.

ಕಳೆದ ನವೆಂಬರ್‌ನಲ್ಲಿ ಅಪ್ಪನನ್ನೂ ಕರೆದೆ. ಬರುತ್ತಾನೆ ಅಂದುಕೊಂಡಿರಲಿಲ್ಲ. ಅಜ್ಜಿಯ ತವರು ಹಳೇ ಸೂಪಾ. ಅಣೆಕಟ್ಟು ಮುಗಿದದ್ದು 1987ರಲ್ಲಿ, 101 ಮೀಟರ್ ಎತ್ತರ. ಊರು ನೀರಿನಡಿಗೆ ಹೋಯಿತು, ತಾಲೂಕನ್ನು ಈಗ ಜೋಯಿಡಾ ಅನ್ನುತ್ತೇವೆ. ಸೋದರಮಾವಂದಿರು ಮನೆ ಬಿಚ್ಚಿ ರಾಮನಗರಕ್ಕೆ ಹೋಗುವಾಗ ಬಾಗಿಲು, ತೊಲೆ ಹೊತ್ತವರಲ್ಲಿ ಅಪ್ಪನೂ ಒಬ್ಬ. ಆಮೇಲೆ ಆ ಕಡೆ ನೀರು ನೋಡಲು ಅಂತ ಅವನು ಹೋಗಿದ್ದೇ ಇಲ್ಲ. ‘ನೋಡೂದೇನೈತಿ’ ಅಂತಿದ್ದ.

ಬಂದ. ದಂಡೆಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತ. ‘ಇದು ಸೂಪಾದಿಂದ ಬಂದ ನೀರಲ್ಲೇನ’ ಅಂತ ಕೇಳಿದ. ಹೌದು ಅಂದೆ. ಮತ್ತೇನೂ ಮಾತಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನನ್ನ ಪ್ಯಾಡಲ್ ಕೈಗೆ ತಗೊಂಡ. ಕ್ಲ್ಯಾಂಪ್ ತೆಗೆದು, ಹಾಕಿ, ತೆಗೆದು ನೋಡಿದ. ‘ಅಳತಿ ಹೆಂಗ ತಗೋತಿ?’ ಅಂದ. ಕೋಲು ನೆಟ್ಟಗೆ ನಿಲ್ಲಿಸಿ ಕೈ ಎತ್ತಲು ಹೇಳಿದೆ. ಎತ್ತಿದ. ಮಣಿಕಟ್ಟು ಹಿಡಿಗಿಂತ ಬಹಳ ಕೆಳಗೇ ಉಳಿಯಿತು.

‘ಅಪ್ಪಾ, ನೆಟ್ಟಗ ನಿಂದ್ರು. ಬಗ್ಗಿ ನಿಂತ್ರ ಅಳತಿ ಸಿಗಂಗಿಲ್ಲ.’

‘ನಾ ನೆಟ್ಟಗ ನಿಂತೇನಿ.’

‘ಇಲ್ಲಪಾ, ಇನ್ನೂ.’

ಒಂದು ಕೈ ಸೊಂಟಕ್ಕೆ ಕೊಟ್ಟು, ಉಸಿರೆಳೆದು, ನಿಧಾನಕ್ಕೆ ಬೆನ್ನು ಎತ್ತಿದ. ಅಪ್ಪ ಅಷ್ಟು ಎತ್ತರ ಇದ್ದಾನೆ ಅನ್ನೋದು ನನಗೆ ಮರೆತೇಹೋಗಿತ್ತು. ಹಿಡಿಯನ್ನು ಅವನ ಮಣಿಕಟ್ಟಿಗೆ ತಂದು ಲಾಕ್ ಮಾಡಿದೆ. 203.

ಬೋರ್ಡ್ ಮೇಲೆ ನಿಲ್ಲಲಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಹತ್ತು ನಿಮಿಷ ಕೂತ, ನಾನು ಪಕ್ಕದಲ್ಲಿ ಎದೆಮಟ್ಟದ ನೀರಿನಲ್ಲಿ ತಳ್ಳಿಕೊಂಡು ಹೋದೆ. ವಾಪಸ್ ಬರುವಾಗ ಹಳಿಯಾಳ ಪೇಟೆಯಲ್ಲಿ ಕಾರು ನಿಲ್ಲಿಸು ಅಂದ. ಚಹಾಕ್ಕೇನೋ ಅಂದುಕೊಂಡೆ. ಇಳಿದು ಸೀದಾ ಬಡಿಗೇರ ಅಂಗಡಿಗೆ ಹೋದ. ಸಲಿಕೆಗೆ ಹೊಸ ಕಾವು ಬೇಕಂತೆ. ಅಂಗಡಿಯವನು ತೋರಿಸಿದ್ದೆಲ್ಲ ಗಿಡ್ಡ ಅಂದ. ಕೊನೆಗೆ ನೆಟ್ಟಗೆ ನಿಂತು, ತನ್ನ ಎದೆಗೆ ಕೈಯಿಟ್ಟು ತೋರಿಸಿ ಹೇಳಿದ:

‘ಇಲ್ಲೀತನಕ ಇರ್ಲಿ.’